ಔಷಧಿ ವಾಪಸು ಬರುವ ದಿನ

ಮಗಳೇ,

ಲೈಸೆನ್ಸ್ ಕೈಗೆ ಬಂತು, ಫ್ರಿಜ್ ಬಂತು, ನಿನ್ನ ರಿಜಿಸ್ಟ್ರೇಷನ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೂ ಆಯಿತು ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ವ್ಯಾಪಾರದ ಬುದ್ಧಿ ಹೇಳಲು ನಿನಗೆ ಈ ದೊಡ್ಡಪ್ಪ ಬೇಕಿಲ್ಲ. ಯಾವ ಸ್ಟಾಕಿಸ್ಟ್ ಎಷ್ಟು ದಿನ ಉದ್ರಿ ಕೊಡುತ್ತಾನೆ, ಯಾವ ಕಂಪನಿಯ ಸ್ಕೀಮು ನಂಬಬಹುದು, ಯಾವ ಡಾಕ್ಟರ ಅಕ್ಷರ ಹೇಗೆ ಓದಬೇಕು ಎಂಬುದೆಲ್ಲ ವರ್ಷದೊಳಗೆ ತಾನಾಗಿ ತಿಳಿಯುತ್ತದೆ. ತಾನಾಗಿ ತಿಳಿಯದ ಸಂಗತಿ ಒಂದಿದೆ: ಮಾರಿದ ಔಷಧಿಯನ್ನು ವಾಪಸು ತರಿಸಬೇಕಾದ ದಿನ ಏನು ಮಾಡಬೇಕು ಎಂಬುದು. ಅಂಥ ದಿನ ಅಪರೂಪಕ್ಕೆ ಬರುತ್ತದೆ. ಬಂದಾಗ ಕಲಿಯಲು ಪುರುಸೊತ್ತು ಕೊಡುವುದಿಲ್ಲ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ.

ಹೀಗೆ ವಾಪಸು ತರಿಸುವ ರಿಕಾಲ್‌ಗೆ ಮೂರು ಕ್ಲಾಸು ಎಂದು ನೀನು ಓದಿದ್ದೀಯ. ಆ ಔಷಧಿಯನ್ನು ಬಳಸಿದರೆ ಸಾವೋ ಗಂಭೀರ ಹಾನಿಯೋ ಆಗುವ ಸಂಭವ ಇದ್ದೇ ಇದೆ ಎಂದಾದರೆ ಒಂದನೇ ಕ್ಲಾಸು. ಆಗುವ ತೊಂದರೆ ತಾತ್ಕಾಲಿಕ, ಚಿಕಿತ್ಸೆಯಿಂದ ಸರಿಹೋಗುವಂಥದ್ದು, ಅಥವಾ ಗಂಭೀರ ಹಾನಿಯ ಸಂಭವ ತೀರಾ ಕಡಿಮೆ ಎಂದಾದರೆ ಎರಡನೇದು. ಮೈಗೆ ಏನೂ ಆಗಲಾರದು, ಆದರೂ ಮಾಲು ಇರಬೇಕಾದಂತೆ ಇಲ್ಲ ಎಂದಾದರೆ ಮೂರನೇದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಮೂರು ಕ್ಲಾಸು ಇಟ್ಟುಕೊಂಡಿದೆ. ನಮ್ಮ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ 2012ರಲ್ಲಿ ಹೊರಡಿಸಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಇವೇ. ಬ್ರಿಟನ್ನಿನಲ್ಲಿ ಮಾತ್ರ ನಾಲ್ಕನೇದೊಂದಿದೆ: ಅಲ್ಲಿ ಮಾಲು ವಾಪಸು ಬರುವುದಿಲ್ಲ, ಎಚ್ಚರಿಕೆಯಿಂದ ಬಳಸಿ ಎಂಬ ಸೂಚನೆ ಮಾತ್ರ. ಅಂಗಡಿಯ ಹುಡುಗನಿಗೆ ಮೊದಲೇ ಹೇಳಿಟ್ಟಿರು, ಈ ಲೆಕ್ಕದಲ್ಲಿ ಫಸ್ಟ್ ಕ್ಲಾಸಿಗಿಂತ ಕೆಟ್ಟದ್ದಿಲ್ಲ.

ಕ್ಲಾಸಿನ ಜೊತೆಗೆ ಗಡುವೂ ಬರುತ್ತದೆ. ಒಂದನೇದಾದರೆ 24 ಗಂಟೆಯೊಳಗೆ ಮಾರಾಟ ನಿಲ್ಲಬೇಕು, ಹೆಚ್ಚೆಂದರೆ 72 ಗಂಟೆಯೊಳಗೆ ಮಾಲು ಹಿಂದಿರುಗಬೇಕು. ಎರಡನೇದಕ್ಕೆ 10 ದಿನ, ಮೂರನೇದಕ್ಕೆ 30 ದಿನ. ಇಷ್ಟು ಪರೀಕ್ಷೆಗೆ ಸಾಕು. ಅಂಗಡಿಗೆ ಸಾಲದು.

ಯಾಕೆಂದರೆ ಪುಸ್ತಕ ಓದಿದವರು ಸಾಮಾನ್ಯವಾಗಿ, ದೊಡ್ಡ ದೋಷಕ್ಕೆ ಒಂದನೇ ಕ್ಲಾಸು, ಸಣ್ಣ ದೋಷಕ್ಕೆ ಮೂರನೇದು ಎಂದು ತಿಳಿದುಕೊಂಡಿರುತ್ತಾರೆ. ಇನ್ನು ಕೆಲವರಿಗೆ ಅದು ಕಂಪನಿಗೆ ಕೊಡುವ ಶಿಕ್ಷೆಯ ಮಟ್ಟ ಎನಿಸುತ್ತದೆ. ಎರಡೂ ತಪ್ಪು. ಆ ಔಷಧಿ ನುಂಗಿದವರ ಮೈಯಲ್ಲಿ ಏನಾಗುತ್ತದೆ ಎಂಬುದನ್ನಷ್ಟೇ ಕ್ಲಾಸು ಅಳೆಯುತ್ತದೆ. ಕಾರ್ಖಾನೆಯಲ್ಲಿ ನಡೆದ ಎಡವಟ್ಟು ಒಂದೇ ಇರಬಹುದು. ಔಷಧಿ ಬೇರೆಯಾದರೆ, ಅದನ್ನು ತೆಗೆದುಕೊಳ್ಳುವವರು ಬೇರೆಯಾದರೆ, ಕ್ಲಾಸೂ ಬೇರೆಯಾಗುತ್ತದೆ.

ಒಂದು ಡಬ್ಬಿಯ ಮಾತ್ರೆ ಇನ್ನೊಂದು ಡಬ್ಬಿಗೆ ಸೇರಿತು ಎಂದಿಟ್ಟುಕೋ. ಮಲ್ಟಿವಿಟಮಿನ್ ಡಬ್ಬಿಯೊಳಗೆ ಕ್ಯಾಲ್ಸಿಯಂ ಸ್ಟ್ರಿಪ್ ಹೋದರೆ ಯಾರಿಗೂ ಏನೂ ಆಗುವುದಿಲ್ಲ. ಫೋಲಿಕ್ ಆಸಿಡ್ ಡಬ್ಬಿಯೊಳಗೆ ಮೆಥೋಟ್ರೆಕ್ಸೇಟ್ ಹೋದರೆ? ಸಂಧಿವಾತದವರು ಮೆಥೋಟ್ರೆಕ್ಸೇಟನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುತ್ತಾರೆ, ಫೋಲಿಕ್ ಆಸಿಡ್ಡನ್ನು ಉಳಿದ ದಿನಗಳಲ್ಲಿ. ಎರಡೂ ಸಣ್ಣ ಮಾತ್ರೆ, ಹಳದಿ ಬಣ್ಣವೂ ಎಷ್ಟೋ ಬ್ರ್ಯಾಂಡುಗಳಲ್ಲಿ ಹತ್ತಿರ ಹತ್ತಿರ. ಅದಲುಬದಲಾಗಿ ಮೆಥೋಟ್ರೆಕ್ಸೇಟ್ ದಿನಾ ಹೊಟ್ಟೆಗೆ ಹೋದರೆ ಮೊದಲು ಬಾಯಿತುಂಬ ಹುಣ್ಣು, ಆಮೇಲೆ ರಕ್ತದ ಬಿಳಿ ಕಣ ಕುಸಿತ, ಕಡೆಗೆ ಪ್ರಾಣವೇ ಹೋಗಬಹುದು. ಎರಡು ಕಡೆಯೂ ನಡೆದದ್ದು ಪ್ಯಾಕಿಂಗ್ ಸಾಲಿನ ಅದೇ ಎಡವಟ್ಟು.

ಮಾತ್ರೆ ಕರಗಬೇಕಾದಷ್ಟು ಕರಗಲಿಲ್ಲ ಎಂಬುದೂ ಹಾಗೆಯೇ. ಲ್ಯಾಬ್ ವರದಿಯಲ್ಲಿ ಅದು ಒಂದು ಸಾಲು, ‘ಡಿಸಲ್ಯೂಷನ್ ಫೇಲ್’ ಎಂದು. ನೆಗಡಿಯ ಮಾತ್ರೆಯಲ್ಲಾದರೆ ನೆಗಡಿ ಇನ್ನೊಂದು ದಿನ ಇರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಲ್ಲಾದರೆ ರಕ್ತದಲ್ಲಿ ಔಷಧಿಯ ಮಟ್ಟ ಇಳಿಯುತ್ತದೆ. ಆ ಔಷಧಿಗೆ ಸಾಲದ್ದು, ಸಾಕಾದದ್ದು, ಹೆಚ್ಚಾದದ್ದು ಇವುಗಳ ನಡುವಿನ ಅಂತರವೇ ಕಡಿಮೆ. ವರ್ಷಗಟ್ಟಲೆ ಫಿಟ್ಸ್ ಇಲ್ಲದೆ ಧೈರ್ಯವಾಗಿ ಬೈಕ್ ಓಡಿಸುತ್ತಿದ್ದವನಿಗೆ, ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳಿಗೆ, ಆ ಒಂದು ಸಾಲಿನ ಅರ್ಥವೇ ಬೇರೆ.

ಕೀಟಾಣುವಿನ ಮಾತಂತೂ ಹೇಳುವುದೇ ಬೇಡ. ಕಣ್ಣು ಒಣಗುತ್ತದೆ ಎನ್ನುವವರಿಗೆ ಕೊಡುವ ಕೃತಕ ಕಣ್ಣೀರಿನ ಹನಿಗಿಂತ ಸಾಧುವಾದ ಮಾಲು ನಿನ್ನ ರ‍್ಯಾಕಿನಲ್ಲಿ ಯಾವುದಿದೆ ಹೇಳು. ನಮ್ಮ ದೇಶದಲ್ಲೇ ತಯಾರಾಗಿ ಅಮೆರಿಕಕ್ಕೆ ಹೋದ ಅಂಥದೊಂದು ಹನಿಯಲ್ಲಿ ಸೂಡೋಮೊನಾಸ್ ಎಂಬ, ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಸೇರಿತ್ತು. 2023ರಲ್ಲಿ ಅದನ್ನು ವಾಪಸು ಕರೆಸುವ ಹೊತ್ತಿಗೆ ಎಷ್ಟೋ ಜನರ ದೃಷ್ಟಿ ಹೋಗಿತ್ತು. 4 ಜನರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, 4 ಜನ ತೀರಿಕೊಂಡರು. ಚರ್ಮದ ಮೇಲೆ ಬಿದ್ದರೆ ತೊಳೆದುಹೋಗುವ ಕೀಟಾಣು ಕಣ್ಣಿಗೆ ಬಿದ್ದಾಗ, ಡ್ರಿಪ್ಪಿನಲ್ಲಿ ರಕ್ತಕ್ಕೆ ಇಳಿದಾಗ ಒಂದನೇ ಕ್ಲಾಸಾಗುತ್ತದೆ.

ಅಮೆರಿಕದಲ್ಲಿ ಕ್ಲಾಸು ತೀರ್ಮಾನಿಸಲು ಕೂರುವವರು ಕೇಳಿಕೊಳ್ಳುವ ಪ್ರಶ್ನೆಗಳು ನಿಯಮದಲ್ಲೇ ಬರೆದಿವೆ. ಈಗಾಗಲೇ ಯಾರಿಗಾದರೂ ತೊಂದರೆ ಆಗಿದೆಯೇ? ಇದನ್ನು ಬಳಸುವವರಲ್ಲಿ ಮಕ್ಕಳಿದ್ದಾರೆಯೇ, ಆಪರೇಷನ್ ಆದವರಿದ್ದಾರೆಯೇ? ಹಾನಿ ಎಷ್ಟು ಗಂಭೀರ, ಆಗುವ ಸಂಭವ ಎಷ್ಟು, ಈಗಲೇ ಕಾಣುತ್ತದೋ ವರ್ಷಗಳಾದ ಮೇಲೋ? ಸರ್ಕ್ಯುಲರ್ ಬಂದ ದಿನ ನಿನ್ನ ಕೌಂಟರಿನಲ್ಲಿ ನಿಂತು ಇವನ್ನೇ ಕೇಳಿಕೋ. ಕ್ಲಾಸು ನಿರ್ಧರಿಸುವುದು ನಿನ್ನ ಕೆಲಸವಲ್ಲ, ಅದು ಕಂಪನಿ ಮತ್ತು ಔಷಧ ನಿಯಂತ್ರಕರ ಕೆಲಸ. ಆದರೆ ಆ ಬ್ಯಾಚು ನಿನ್ನಿಂದ ಯಾರ ಮನೆಗೆ ಹೋಗಿದೆ ಎಂಬುದು ದೆಹಲಿಗೆ ಗೊತ್ತಿಲ್ಲ, ನಿನಗೆ ಗೊತ್ತಿದೆ.

ಮಕ್ಕಳ ಸಿರಪ್ಪಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದ ಮಕ್ಕಳಿಗೆ ಮೂತ್ರ ಕಟ್ಟಿತು, ಕಿಡ್ನಿ ಸೋತಿತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಹೋದವು. ತಯಾರಾದದ್ದು ತಮಿಳುನಾಡಿನಲ್ಲಿ. ಎಸ್‌ಆರ್-13 ಎಂಬ ಬ್ಯಾಚನ್ನು ಅಲ್ಲಿಯ ಪ್ರಯೋಗಾಲಯ ಪರೀಕ್ಷಿಸಿದಾಗ ಡೈಎಥಿಲೀನ್ ಗ್ಲೈಕಾಲ್ ಶೇ 48.6ರಷ್ಟು ಸಿಕ್ಕಿತು. ಇರಬಹುದಾದ ಮಿತಿ ಶೇ 0.1. ಇದು ಹೊಸ ವಿಷವೇನಲ್ಲ. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ನಿನೊಂದಿಗೆ ಬಂದು 14 ರೋಗಿಗಳನ್ನು ಕೊಂದಿತು, ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತದ್ದು ಆಗಲೇ. ಅದಕ್ಕೂ ಹಿಂದೆ, 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ.

ಆ 1937ರ ಕಥೆಯಲ್ಲಿ ನಮ್ಮ ಕಸುಬಿಗೆ ಬೇಕಾದದ್ದು ಬಹಳ ಇದೆ. ಸಲ್ಫಾನಿಲಮೈಡ್ ಎಂಬ ಔಷಧಿಯನ್ನು ಟೆನ್ನೆಸ್ಸಿಯ ಕಂಪನಿಯೊಂದು ಡೈಎಥಿಲೀನ್ ಗ್ಲೈಕಾಲಿನಲ್ಲಿ ಕರಗಿಸಿ, ರಾಸ್‌ಬೆರಿ ರುಚಿ ಸೇರಿಸಿ, ಎಲಿಕ್ಸಿರ್ ಎಂದು ಮಾರಿತು. ಸಾವಿನ ಸುದ್ದಿ ಬಂದಾಗ ಕಂಪನಿ ತನ್ನ ಏಜೆಂಟರಿಗೆ, ಔಷಧಿ ಅಂಗಡಿಗಳಿಗೆ, ಡಾಕ್ಟರುಗಳಿಗೆ ತಂತಿ ಕಳಿಸಿತು: ಮಾಲು ವಾಪಸು ಮಾಡಿ ಎಂದಷ್ಟೇ. ಯಾಕೆ ಎಂದು ಬರೆಯಲಿಲ್ಲ. ಜೀವಕ್ಕೆ ಅಪಾಯವಿದೆ ಎಂದು ಸ್ಪಷ್ಟವಾಗಿ ಹೇಳುವ ಇನ್ನೊಂದು ತಂತಿ ಕಳಿಸುವಂತೆ ಎಫ್‌ಡಿಎ ಪಟ್ಟು ಹಿಡಿಯಬೇಕಾಯಿತು. ಆಮೇಲೆ ಅದರ ಇನ್‌ಸ್ಪೆಕ್ಟರುಗಳು ಬಾಟಲಿ ಬಾಟಲಿಯನ್ನೂ ಹುಡುಕಿಕೊಂಡು ಊರೂರು ಅಲೆದರು. ತಯಾರಾಗಿದ್ದ 240 ಗ್ಯಾಲನ್ನಿನಲ್ಲಿ 234ರಷ್ಟು ವಾಪಸು ಸಿಕ್ಕಿತು. ಜನ ಸತ್ತದ್ದು ಸಿಗದೆ ಹೋದ ಆ ಚೂರಿನಿಂದ. ಅಂಗಡಿಗಳಲ್ಲಿದ್ದ ಕೆಲವು ಚೀಟಿಗಳ ಮೇಲೆ ರೋಗಿಯ ವಿಳಾಸವೇ ಇರಲಿಲ್ಲ. ಚೀಟಿಯಿಲ್ಲದೆ ಕೊಂಡವರು ಯಾರೆಂದು ಅಂಗಡಿಯವರಿಗೂ ತಿಳಿದಿರಲಿಲ್ಲ. ಬಾಟಲಿ ತೆಗೆದುಕೊಂಡು ಬೆಟ್ಟದ ಸೀಮೆಗೆ ಹೋಗಿಬಿಟ್ಟಿದ್ದ ಮನೆಯವರ ಮೂರು ವರ್ಷದ ಮಗುವನ್ನು ಹುಡುಕಲು ಡಾಕ್ಟರೊಬ್ಬರು ತಮ್ಮ ಮದುವೆಯನ್ನೇ ಮುಂದಕ್ಕೆ ಹಾಕಿದರಂತೆ.

ಇಂದು ತಂತಿಯ ಜಾಗದಲ್ಲಿ ಸ್ಟಾಕಿಸ್ಟಿನ ವಾಟ್ಸಾಪ್ ಬರುತ್ತದೆ, ಅಷ್ಟೇ ವ್ಯತ್ಯಾಸ. ‘ಕೆಳಗಿನ ಬ್ಯಾಚ್ ಹೋಲ್ಡ್ ಮಾಡಿ, ರಿಟರ್ನ್ ಕಳಿಸಿ’ ಎಂದಿರುತ್ತದೆ. ಕ್ಲಾಸು ಇರುವುದಿಲ್ಲ, ಕಾರಣ ಇರುವುದಿಲ್ಲ. ಕೂಡಲೇ ಫೋನ್ ಮಾಡಿ ಕೇಳು: ಯಾವ ಕ್ಲಾಸು, ಏನು ದೋಷ, ಗಿರಾಕಿಯ ಮನೆಯಿಂದಲೂ ತರಿಸಬೇಕೋ ರ‍್ಯಾಕಿನಲ್ಲಿರುವುದು ಸಾಕೋ? ಅವನಿಗೆ ಗೊತ್ತಿಲ್ಲದಿದ್ದರೆ ಕಂಪನಿಯನ್ನು ಕೇಳು, ಅವರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರೆ ನಿಮ್ಮ ಡ್ರಗ್ ಇನ್‌ಸ್ಪೆಕ್ಟರನ್ನು ಕೇಳು. ಉತ್ತರ ಬರುವವರೆಗೆ ಅದು ಒಂದನೇ ಕ್ಲಾಸೇ ಎಂದು ನಡೆದುಕೋ. ಮೂರನೇದೆಂದು ಆಮೇಲೆ ತಿಳಿದರೆ ನಿನಗೆ ನಷ್ಟವಾಗುವುದು ನಾಲ್ಕು ಸ್ಟ್ರಿಪ್ಪಿನ ಮಾರಾಟ.

ಒಂದನೇ ಕ್ಲಾಸು ಖಚಿತವಾದರೆ ಬೇರೆ ಕೆಲಸ ಬಿಡು. ಮಾರಾಟ ನಿಲ್ಲಿಸಿದರೆ ಮುಗಿಯಿತು ಎಂದುಕೊಳ್ಳಬೇಡ. ನಿಮ್ಮದು ಸಂತೆಯ ಊರು. ಸುತ್ತಲ ಹಳ್ಳಿಯವರು ಬಂದು ಸಿರಪ್ ಒಯ್ಯುತ್ತಾರೆ, ಅರ್ಧ ಬಾಟಲಿ ಬಳಸಿ, ಮುಂದಿನ ನೆಗಡಿಗೆ ಇರಲಿ ಎಂದು ಮಾಡಿನಲ್ಲಿ ಎತ್ತಿಡುತ್ತಾರೆ, ಪಕ್ಕದ ಮನೆಯ ಕೂಸಿಗೂ ಎರಡು ಚಮಚ ಕೊಡುತ್ತಾರೆ. ಆ ಬಾಟಲಿ ವಾಪಸಾಗುವವರೆಗೆ ರಿಕಾಲ್ ಮುಗಿದಿಲ್ಲ. ಫೋನ್ ಮಾಡು. ಫೋನ್ ಎತ್ತದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳು, ಅಂಗಡಿಯ ಹುಡುಗನನ್ನು ಬೈಕಿನಲ್ಲಿ ಅಟ್ಟು. ಮುಚ್ಚಳ ತೆಗೆದ ಬಾಟಲಿಯಾದರೂ ತಗೋ, ಬಿಲ್ಲು ಕಳೆದಿದ್ದರೂ ತಗೋ, ದುಡ್ಡು ಕೊಟ್ಟು ಕಳಿಸು. ತೆರೆದ ಬಾಟಲಿಗೆ ಕ್ರೆಡಿಟ್ ನೋಟ್ ಕೊಡುವುದಿಲ್ಲ ಎಂದು ಸ್ಟಾಕಿಸ್ಟ್ ತಕರಾರು ತೆಗೆಯಬಹುದು. ಆ ಎಂಬತ್ತು ರೂಪಾಯಿ ನಿನ್ನದೇ ಹೋಗಲಿ.

ಎರಡನೇ ಕ್ಲಾಸಿನಲ್ಲಿ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ, ಅದನ್ನು ಪುಸ್ತಕ ಹೇಳುವುದಿಲ್ಲ. 2018ರಲ್ಲಿ ವಾಲ್‌ಸಾರ್ಟಾನ್ ಎಂಬ ಬಿ.ಪಿ. ಮಾತ್ರೆಯಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಲ್ಲ ಕಲ್ಮಶ ಸಿಕ್ಕಿತು. ಅದರ ಮೂಲವಸ್ತು ಚೀನಾದ ಒಂದು ಕಾರ್ಖಾನೆಯಿಂದ ಹೋದದ್ದು. ದೇಶದೇಶಗಳಲ್ಲಿ ಮಾತ್ರೆ ವಾಪಸಾಯಿತು. ಆಗ ಎಫ್‌ಡಿಎ ರೋಗಿಗಳಿಗೆ ಹೇಳಿದ್ದೇನು ಗೊತ್ತೇ? ಬದಲಿ ಔಷಧಿ ಕೈಗೆ ಬರುವವರೆಗೆ ಈಗಿರುವುದನ್ನೇ ಮುಂದುವರಿಸಿ ಎಂದು. ಮೊದಲ ಸಲ ಕೇಳಿದವರಿಗೆ ಇದು ವಿಚಿತ್ರ ಎನಿಸುತ್ತದೆ. ಲೆಕ್ಕ ಹಾಕಿ ನೋಡು: ಕಲ್ಮಶದಿಂದ ಬರಬಹುದಾದ ಕೇಡು ವರ್ಷಗಳ ಸೇವನೆಯಲ್ಲಿ ಹರಡಿಕೊಂಡದ್ದು, ಅದೂ ಸಣ್ಣ ಸಂಭವ. ಬಿ.ಪಿ. ಮಾತ್ರೆ ಥಟ್ಟನೆ ಬಿಟ್ಟರೆ ಲಕ್ವವೋ ಹೃದಯಾಘಾತವೋ ವಾರದಲ್ಲೇ ಹೊಡೆಯಬಹುದು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮನುಷ್ಯ ಮಾತ್ರೆಯನ್ನು ಚರಂಡಿಗೆ ಎಸೆದು ಬರುತ್ತಾನೆ, ನಾಳೆ ಬದಲಿ ಬರೆಸಿಕೊಳ್ಳಲು ಹೋಗುವುದಿಲ್ಲ.

ಆದ್ದರಿಂದ ನಿನ್ನ ಮಾತಿನ ಕ್ರಮ ಮುಖ್ಯ. ‘ಈ ಮಾತ್ರೆಯಲ್ಲಿ ದೋಷ ಇದೆಯಂತೆ’ ಎಂದು ಶುರುಮಾಡಬೇಡ. ಆಮೇಲೆ ನೀನು ಏನೇ ಹೇಳಿದರೂ ಅವರ ಕಿವಿಗೆ ಹೋಗದು. ‘ಯಜಮಾನರೇ, ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ, ಈ ಡಬ್ಬಿ ಬದಲಾಯಿಸಿ ಬೇರೆ ಕೊಡಬೇಕಾಗಿದೆ, ಡಾಕ್ಟರ ಹತ್ತಿರ ಮಾತಾಡಿದ್ದೇನೆ’ ಎಂದು ಶುರುಮಾಡು. ಡಾಕ್ಟರಿಗೆ ಮೊದಲು ಫೋನ್ ಮಾಡಿರಬೇಕು ಎಂದು ಬೇರೆ ಹೇಳಬೇಕಿಲ್ಲವಲ್ಲ. ಅದೇ ಔಷಧಿಯ ಬೇರೆ ಬ್ಯಾಚೋ ಬೇರೆ ಕಂಪನಿಯದೋ ಮೊದಲು ತರಿಸಿಟ್ಟುಕೊಂಡು ಆಮೇಲೆ ಗಿರಾಕಿಯನ್ನು ಕರೆ. ಫಿಟ್ಸ್, ಸಕ್ಕರೆ, ಥೈರಾಯ್ಡ್, ಹೃದಯ, ಮಾನಸಿಕ ಕಾಯಿಲೆ, ಇವುಗಳ ಔಷಧಿಗೆಲ್ಲ ಈ ಮಾತು ಅನ್ವಯಿಸುತ್ತದೆ.

ಮೂರನೇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಷರ ಅಳಿಸಿದ ಲೇಬಲ್ಲು, ಬಣ್ಣ ತುಸು ಮಾಸಿದ ಮಾತ್ರೆ, ಅಂಥದ್ದು. ನುಂಗಿದವರನ್ನು ಕರೆದು ಗಾಬರಿಪಡಿಸಬೇಡ. ರ‍್ಯಾಕಿನಿಂದ ತೆಗೆದು ಕಳಿಸು. ‘ಮೂವತ್ತು ದಿನ ಗಡುವಿದೆಯಲ್ಲ, ಅಷ್ಟರಲ್ಲಿ ಮಾರಿ ಮುಗಿಸೋಣ’ ಎಂದು ಬುದ್ಧಿ ಹೇಳಿಕೊಡುವ ಮಹಾಶಯರು ನಮ್ಮ ಬೀದಿಯಲ್ಲೂ ಇದ್ದಾರೆ, ನಿಮ್ಮ ಬೀದಿಯಲ್ಲೂ ಸಿಗುತ್ತಾರೆ. ಆ ಗಡುವು ವಾಪಸು ಕಳಿಸಲಿಕ್ಕೆ. ಹಾಗೆ ಮಾರುವವನನ್ನು ನಾನು ಕಳ್ಳ ಎಂದೇ ಕರೆಯುತ್ತೇನೆ.

ಇನ್ನು ಟಿ.ವಿ.ಯವರ ವಿಷಯ. ಸಿಡಿಎಸ್‌ಸಿಒ ತಿಂಗಳು ತಿಂಗಳು ಒಂದು ಪಟ್ಟಿ ಹೊರಡಿಸುತ್ತದೆ, ಗುಣಮಟ್ಟದಲ್ಲಿ ಸೋತ ಔಷಧಿಗಳದ್ದು. 2024ರ ಸೆಪ್ಟೆಂಬರಿನಲ್ಲಿ ಅಂಥ ಪಟ್ಟಿಯಲ್ಲಿ ಪ್ಯಾರಸಿಟಮಾಲ್ ಕಂಡದ್ದೇ ತಡ, ಪ್ಯಾರಸಿಟಮಾಲೇ ಬ್ಯಾನ್ ಆಯಿತೆಂಬಂತೆ ಗುಲ್ಲೆದ್ದಿತು. ಸೋತದ್ದು ಒಂದು ಕಂಪನಿಯ ಒಂದು ಬ್ಯಾಚು. ಬ್ಯಾನ್ ಎಂಬುದು ಬೇರೆಯೇ. ಔಷಧ ಕಾಯ್ದೆಯ 26ಎ ಕಲಮಿನಡಿ ಕೇಂದ್ರ ಸರ್ಕಾರ ಮಾಡುವುದು, ಆಗ ಯಾವ ಕಂಪನಿಯದಾದರೂ, ಯಾವ ಬ್ಯಾಚಾದರೂ ಮಾರುವಂತಿಲ್ಲ. ಗಿರಾಕಿ ಬಂದು ‘ಇದು ಬ್ಯಾನ್ ಆಗಿದೆಯಂತಲ್ಲಮ್ಮ’ ಎಂದು ಕೇಳಿದಾಗ ಬೇಸರಪಡದೆ ಸ್ಟ್ರಿಪ್ ತಿರುಗಿಸಿ ಬ್ಯಾಚ್ ನಂಬರು ತೋರಿಸು, ಪಟ್ಟಿಯ ಪಕ್ಕ ಇಟ್ಟು ತೋರಿಸು. ಎರಡು ನಿಮಿಷದ ಕೆಲಸ.

ಪಟ್ಟಿ ಬರುವವರೆಗೆ ಕಾಯುವುದೂ ಸಲ್ಲ. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಐದು ಜನ. ಸಂಶಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು, ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಯಿತು. ಅಂಥ ಸಂಶಯ ನಿನ್ನ ಊರಿನ ನರ್ಸಿಂಗ್ ಹೋಮಿನಿಂದ ಬಂದರೆ, ‘ಈ ಬಾಟಲಿ ಹಾಕಿದವರಿಗೆಲ್ಲ ಚಳಿ ಬರುತ್ತಿದೆ’ ಎಂದು ಯಾವ ಸಿಸ್ಟರ್ ಹೇಳಿದರೂ, ಆ ಬ್ಯಾಚನ್ನು ಅಂದೇ ಪಕ್ಕಕ್ಕಿಡು. ಡ್ರಗ್ ಇನ್‌ಸ್ಪೆಕ್ಟರಿಗೆ ತಿಳಿಸು. ಅಡ್ಡಪರಿಣಾಮ ವರದಿ ಮಾಡಲು 1800-180-3024 ಎಂಬ ಉಚಿತ ಸಂಖ್ಯೆಯಿದೆ, ಅದನ್ನು ಕೌಂಟರಿನ ಗಾಜಿಗೆ ಅಂಟಿಸು. ಲ್ಯಾಬಿಗಿಂತ ಮೊದಲು ತಿಳಿಯುವುದು ವಾರ್ಡಿಗೆ.

ಇಷ್ಟೆಲ್ಲ ಮಾಡಲು ಬೇಕಾದದ್ದು ಒಂದೇ, ಬ್ಯಾಚ್ ನಂಬರು. ಐದು ರೂಪಾಯಿಯ ಮಾಲಾದರೂ ಬಿಲ್ ಹಾಕು, ಬಿಲ್ಲಿನಲ್ಲಿ ಬ್ಯಾಚ್ ನಂಬರು ಬೀಳಲಿ, ಹೆಸರು ಮತ್ತು ಫೋನ್ ನಂಬರು ಕೇಳಿ ಬರೆ. ಕಂಪ್ಯೂಟರಿನಲ್ಲಿ ಒಂದು ಬ್ಯಾಚು ತೋರಿಸಿ ಕೈಯಲ್ಲಿ ಇನ್ನೊಂದು ಬ್ಯಾಚು ಕೊಡುವ ಚಾಳಿ ಎಷ್ಟೋ ಅಂಗಡಿಗಳಲ್ಲಿದೆ. ಬಿಲ್ಲೇ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಬ್ಯಾಚು, ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನು ಕೊನೆಗೆ ಉಳಿಸಿಕೋ, ಕೊಡುವ ಕವರಿನ ಮೇಲೆ ನಂಬರು ಬರೆ. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ; ಸ್ಕ್ಯಾನ್ ಮಾಡಿದರೆ ಬ್ಯಾಚೂ ತಯಾರಕರ ವಿಳಾಸವೂ ಬರುತ್ತವೆ. ಮಾಲು ಒಳಗೆ ಬಂದಾಗಲೇ ಒಂದೊಂದು ಡಬ್ಬಿ ಸ್ಕ್ಯಾನ್ ಮಾಡುವುದನ್ನು ರೂಢಿಸಿಕೋ.

ವಾಪಸು ಬಂದ ಮಾಲನ್ನು ಎಕ್ಸ್‌ಪೈರಿ ಚೀಲಕ್ಕೆ ಎಸೆಯಬೇಡ. ಎಕ್ಸ್‌ಪೈರಿಯದು ದುಡ್ಡಿನ ಲೆಕ್ಕ. ಇದು ತನಿಖೆಗೆ ಬೇಕಾಗಬಹುದಾದ ಮಾಲು. ಬೇರೆ ಡಬ್ಬಿ, ಮೇಲೆ ದಪ್ಪ ಅಕ್ಷರದಲ್ಲಿ ‘ಮಾರಾಟಕ್ಕಲ್ಲ’, ಒಳಗೆ ಚೀಟಿ: ಬ್ಯಾಚು, ಎಷ್ಟು ಬಂದಿತ್ತು, ಎಷ್ಟು ಮಾರಿದ್ದೆ, ಎಷ್ಟು ವಾಪಸು ಸಿಕ್ಕಿತು, ಉಳಿದದ್ದು ಯಾರಲ್ಲಿದೆ. ಕಳಿಸಿದ್ದಕ್ಕೆ ಸ್ಟಾಕಿಸ್ಟಿನಿಂದ ಸಹಿ ಹಾಕಿಸಿಕೊಂಡು ಆ ಕಾಗದವನ್ನು ಫೈಲಿಗೆ ಸೇರಿಸು.

ಈ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಒಂದು ಕೆಲಸ ಮಾಡು. ರ‍್ಯಾಕಿನಿಂದ ಕಣ್ಣು ಮುಚ್ಚಿ ಒಂದು ಮಕ್ಕಳ ಸಿರಪ್ ತೆಗೆ, ಅದರ ಬ್ಯಾಚ್ ನಂಬರು ಕಂಪ್ಯೂಟರಿಗೆ ಹಾಕು, ಆ ಬ್ಯಾಚಿನ ಬಾಟಲಿ ಒಯ್ದವರ ಹೆಸರು, ಫೋನ್ ನಂಬರು ಒಂದು ಹಾಳೆಯ ಮೇಲೆ ಇಳಿಸು. ಒಂದು ಗಂಟೆಯೊಳಗೆ ಪಟ್ಟಿ ಪೂರ್ತಿಯಾಗದಿದ್ದರೆ ನನಗೆ ಫೋನ್ ಮಾಡು, ಸೋಮವಾರ ಬೆಳಗಿನ ಬಸ್ಸಿಗೆ ಬಂದು ನಿನ್ನ ಬಿಲ್ಲಿಂಗ್ ಸರಿಮಾಡಿಕೊಟ್ಟು ಹೋಗುತ್ತೇನೆ.